ಏಳು ಮಳೆಗಾಲ, ಒಂದು ಡಿಶ್: ಉಡುಪಿಯಲ್ಲಿ ಡಿಡಿ ಫ್ರೀ ಡಿಶ್ ಬಳಸಿದ ಅನುಭವ

ಡಿಶ್ ಹಾಕಿಸಿ ಒಂದು ವಾರ ಆದವರನ್ನು ಕೇಳಿದರೆ ಎಲ್ಲರೂ "ಪಿಕ್ಚರ್ ಸೂಪರ್ ಉಂಟು" ಎನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಎಲ್ಲರ ಮನೆಯ ಡಿಶ್ಶೂ ಚೆನ್ನಾಗಿಯೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಅದರ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಾವು ಸಂತೆಕಟ್ಟೆ ಹತ್ತಿರ ಇರುವುದು. 2019ರ ಏಪ್ರಿಲ್‌ನಲ್ಲಿ ದೂರದರ್ಶನದವರ, ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಹಾಕಿಸಿದೆವು. ಏಳು ಮಳೆಗಾಲ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಿಗ್ನಲ್ ಹೋಗುತ್ತದೆ ಅಂತ ಬೇಸತ್ತು ಡಿಶ್ ಬಿಚ್ಚಿಸಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರ ತೊಂದರೆ ಅರ್ಧ ಗಂಟೆಯಲ್ಲಿ ಸರಿಯಾಗುವಂಥದ್ದಾಗಿತ್ತು ಎಂದು ಈಗ ಅನಿಸುತ್ತದೆ.

ಮೊದಲು ಸ್ವಲ್ಪ ಹಿಂದಿನ ಕತೆ. ಬೆಂಗಳೂರು, ಮೈಸೂರಿನಲ್ಲಿ 2013ರಲ್ಲೇ ಹಳೆ ಕೇಬಲ್ ನಿಲ್ಲಿಸಿ ಎಲ್ಲರಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ್ದರು. ನಮ್ಮ ಮನೆಗೆ ಅದು ಬಂದದ್ದು 2017ರ ಆರಂಭದಲ್ಲಿ. ಹಳೆ ಅನಲಾಗ್ ಕೇಬಲ್‌ನಲ್ಲಿ ಸಿಗ್ನಲ್ ಕಮ್ಮಿಯಾದರೆ ಪಿಕ್ಚರ್ ಮಬ್ಬಾಗುತ್ತಿತ್ತು, ಚುಕ್ಕಿ ಬರುತ್ತಿತ್ತು, ಆದರೂ ಯಕ್ಷಗಾನ ನೋಡಬಹುದಿತ್ತು. ಬಾಕ್ಸ್ ಬಂದ ಮೇಲೆ ಮುಖಗಳು ಚೌಕ ಚೌಕವಾಗಿ ಒಡೆದು, ಪಿಕ್ಚರ್ ನಿಂತು, ಕೊನೆಗೆ "ನೋ ಸಿಗ್ನಲ್" ಎಂಬ ನೀಲಿ ಪರದೆ. ಅಮ್ಮ ಕೇಳುತ್ತಿದ್ದರು: "ಮೊದಲು ಸರಿ ಇತ್ತಲ್ವಾ ಮಗಾ, ಈಗ ಎಂಥ ಆಯಿತು?"

ಮೊದಲೂ ಸರಿ ಇರಲಿಲ್ಲ. ಅಡುಗೆಮನೆ ಟಿವಿಗೆಂದು ಎಷ್ಟೋ ವರ್ಷದ ಹಿಂದೆ ವಯರ್ ಕತ್ತರಿಸಿ, ತಾಮ್ರದ ಎಳೆಗಳನ್ನು ಕೈಯಲ್ಲಿ ಹೊಸೆದು, ಕಪ್ಪು ಟೇಪು ಸುತ್ತಿದ್ದರು. ಅನಲಾಗ್ ಆ ಜಾಯಿಂಟನ್ನು ಸಹಿಸಿಕೊಂಡಿತ್ತು. ಡಿಜಿಟಲ್ ಬೇರೆ ಥರ. ಸಿಗ್ನಲ್‌ನಲ್ಲಿ ಆಗುವ ಸಣ್ಣಪುಟ್ಟ ತಪ್ಪುಗಳನ್ನು ಬಾಕ್ಸ್ ತಾನೇ ತಿದ್ದಿಕೊಳ್ಳುತ್ತದೆ, ಹಾಗಾಗಿ ಪಿಕ್ಚರ್ ಕೊನೆಯವರೆಗೂ ಸ್ವಚ್ಛವಾಗಿಯೇ ಕಾಣುತ್ತದೆ. ತಿದ್ದಲಾಗದಷ್ಟು ತಪ್ಪಾದ ಕೂಡಲೇ ಎಲ್ಲ ಒಟ್ಟಿಗೆ ಹೋಗುತ್ತದೆ. ಅಂದರೆ ಪರದೆ ನೋಡಿ ಸಿಗ್ನಲ್ ಎಷ್ಟು ಗಟ್ಟಿ ಇದೆ ಎಂದು ಹೇಳಲು ಬರುವುದಿಲ್ಲ. ಇದೊಂದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಕೇಬಲ್‌ನ ಹುಡುಗ ಬಂದು ನೋಡಿ "ಅಣ್ಣ, ನಮ್ಮ ಲೈನ್ ಸರಿ ಉಂಟು, ನಿಮ್ಮ ಟಿವಿ ಹಳೆಯದಲ್ವಾ" ಎಂದು ಹೋದ. ಆ ಸಂಜೆ ನಾನು ಟಿವಿ, ಬಾಕ್ಸ್ ಎರಡನ್ನೂ ಎತ್ತಿಕೊಂಡು ಹೋಗಿ ಚಾವಡಿಯಲ್ಲಿ, ಕಂಬದಿಂದ ವಯರ್ ಮನೆಗೆ ಬರುವ ಜಾಗದಲ್ಲಿ ಇಟ್ಟು ಒಂದು ಮೀಟರ್ ವಯರ್‌ನಿಂದ ಜೋಡಿಸಿದೆ. ಪಿಕ್ಚರ್ ಒಂದು ಚೂರೂ ಅಲುಗಲಿಲ್ಲ. ಅವನ ಲೈನೂ ಸರಿ, ನನ್ನ ಟಿವಿಯೂ ಸರಿ. ಮಧ್ಯದ ವಯರ್ ಹಾಳು. ಜಾಯಿಂಟ್ ತೆಗೆದು, ಹೊಸ ಆರ್‌ಜಿ-6 ವಯರ್ (ಟಿವಿ ಸಿಗ್ನಲ್‌ಗೆ ಬಳಸುವ ದಪ್ಪ ವಯರ್) ಎಳೆದು, ಅಡುಗೆಮನೆ ಟಿವಿಗೆ ಸರಿಯಾದ ಸ್ಪ್ಲಿಟರ್ (ಒಂದು ವಯರ್‌ನ ಸಿಗ್ನಲನ್ನು ಎರಡು ಕಡೆಗೆ ಹಂಚುವ ಸಣ್ಣ ಡಬ್ಬಿ) ಹಾಕಿದ ಮೇಲೆ ತೊಂದರೆ ಹೋಯಿತು. ಎರಡು ದಾರಿಯ ಸ್ಪ್ಲಿಟರ್ ಒಂದೊಂದು ಕಡೆಗೆ ಕೊಡುವುದು ಅರ್ಧಕ್ಕಿಂತ ಕಮ್ಮಿ ಸಿಗ್ನಲ್. ಸುಮ್ನೆ ಇರಲಿ ಅಂತ ಖಾಲಿ ಸ್ಪ್ಲಿಟರ್ ಬಿಟ್ಟುಕೊಂಡವರು ಇವತ್ತೇ ತೆಗೆದುಬಿಡಿ.

2019ರ ಫೆಬ್ರವರಿಯಲ್ಲಿ ಹೊಸ ದರ ಬಂತು. 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಒಂದೊಂದು ಪೇ ಚಾನೆಲ್‌ಗೆ ಬೇರೆ. ನಮ್ಮ ಬಿಲ್ 300 ದಾಟಿತು. ಅಮ್ಮ ನೋಡುವುದು ಚಂದನದ ವಾರ್ತೆ, ಕ್ವಿಜ್, ಹಳೆ ಹಾಡು. ಹಾಗಾಗಿ ಫ್ರೀ ಡಿಶ್. ಡಿಶ್, ಬಾಕ್ಸ್, ವಯರ್, ಕೂಲಿ ಸೇರಿ ಆಗ 1,800 ರೂಪಾಯಿ ಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ತಿಂಗಳ ಬಾಡಿಗೆ ಎಂದು ಒಂದು ಪೈಸೆ ಕಟ್ಟಿಲ್ಲ.

ಇನ್ನು ಡಿಶ್‌ನ ವಿಷಯ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು 93.5 ಡಿಗ್ರಿ ಪೂರ್ವದಲ್ಲಿದೆ. ಉಡುಪಿಯಿಂದ ನೋಡಿದರೆ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ನಮ್ಮ ಟಾರಸಿಯಲ್ಲಿ ನಿಂತರೆ ಮಣಿಪಾಲದ ಗುಡ್ಡದ ಕಡೆ ಮುಖ ಮಾಡಿ ತಲೆ ಎತ್ತಿದ ಹಾಗೆ. ಮಳೆ ಬರುವಾಗ ಇದು ಉಪಯೋಗಕ್ಕೆ ಬರುತ್ತದೆ. ಮೋಡ ಸಮುದ್ರದಿಂದ ಬಂದು ನಮ್ಮ ತಲೆ ಮೇಲೆ ಹಾದು ಪೂರ್ವಕ್ಕೆ ಹೋಗುತ್ತದೆ. ಅಂಗಳದಲ್ಲಿ ಮಳೆ ನಿಂತಿರುತ್ತದೆ, ಟಿವಿ ಮಾತ್ರ ಇನ್ನೂ ಬಂದಿರುವುದಿಲ್ಲ. ಆಗ ಮಣಿಪಾಲದ ಕಡೆ ನೋಡಿದರೆ ಕಪ್ಪಗೆ ಸುರಿಯುತ್ತಿರುತ್ತದೆ. ಸಿಗ್ನಲ್ ಆ ಮಳೆಯೊಳಗಿಂದಲೇ ಬರಬೇಕಲ್ಲ. ಅದು ಸರಿದ ಕೂಡಲೇ ಪಿಕ್ಚರ್ ತಾನಾಗಿ ಬರುತ್ತದೆ. ಇಂಥ ಬಿರುಸು ಮಳೆಗೆ ಹತ್ತು ಹದಿನೈದು ನಿಮಿಷ ಹೋಗುವುದು ಸಹಜ, ಯಾವ ಡಿಶ್ಶಿಗೂ ಇದು ತಪ್ಪಿದ್ದಲ್ಲ.

ಸಹಜ ಅಲ್ಲದ್ದು ಯಾವುದು ಅಂದರೆ, ತುಂತುರು ಮಳೆಗೂ ಹೋಗುವುದು, ಮಳೆ ನಿಂತು ಗಂಟೆಯಾದರೂ ಬಾರದಿರುವುದು. ನಮಗೆ ಮೊದಲ ಮಳೆಗಾಲ ಪೂರ್ತಿ ಹೀಗೇ ಆಯಿತು. ಹಾಕಿಸಿದವರಿಗೆ ಫೋನ್ ಮಾಡಿದರೆ "ಮಳೆಗೆ ಹಾಗೇ" ಎಂಬ ಉತ್ತರ. ನಾನೂ ನಂಬಿದೆ.

ಕಾರಣ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ, ಚುರುಕು ಬಿಸಿಲಿನ ಒಂದು ದಿನ. ಬೆಳಗ್ಗೆ 11 ಗಂಟೆ ಕಳೆದ ಮೇಲೆ ಟಿವಿ ಕೆಲವು ನಿಮಿಷ ಹೋಯಿತು, ಮತ್ತೆ ಬಂತು. ಮಾರನೆಯ ದಿನವೂ ಅದೇ ಹೊತ್ತಿಗೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ನಮ್ಮ ಊರಿಂದ ನೋಡಿದರೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಕೇಳಿಸುವುದಿಲ್ಲ. ಅದಕ್ಕೆ ರಿಪೇರಿ ಬೇಡ. ಆದರೆ ಆ ಹೊತ್ತಿಗೆ ನಾನು ಟಾರಸಿಗೆ ಹತ್ತಿದ್ದೆ. ಡಿಶ್‌ನ ತಟ್ಟೆಯ ಮೇಲೆ ಬಿಸಿಲು ಪೂರ್ತಿ ಬಿದ್ದಿತ್ತು, ಅದರ ಮೂಲೆಯಲ್ಲಿ ಮಾತ್ರ ಬಾಚಣಿಗೆ ಹಲ್ಲಿನಂಥ ನೆರಳು ಅಲ್ಲಾಡುತ್ತಿತ್ತು. ತೆಂಗಿನ ಮಡಲು. ಸೂರ್ಯ ಇರುವುದು ಉಪಗ್ರಹದ ಜಾಗದಲ್ಲೇ ಆದರೆ, ಆ ನೆರಳು ಬೀಳಿಸುವ ಮಡಲು ಇರುವುದು ಸಿಗ್ನಲ್‌ನ ದಾರಿಯಲ್ಲೇ. ಬೇಸಿಗೆಯಲ್ಲಿ ಒಂದು ಮೂಲೆಗಷ್ಟೇ ಅಡ್ಡ. ಮಳೆಯಲ್ಲಿ ಅದೇ ಮಡಲು ನೀರು ಕುಡಿದು ಭಾರವಾಗಿ ಕೆಳಗೆ ಬಾಗುತ್ತದೆ, ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ಸಿಗ್ನಲ್ ತಿನ್ನುತ್ತದೆ. ಒಂದು ವರ್ಷ ನಾವು ಮಳೆಗೆ ಬೈದದ್ದು ಆ ಮಡಲಿನಿಂದ! ಮರ ಹತ್ತುವವರನ್ನು ಕರೆಸಿ ಎರಡು ಮಡಲು ತೆಗೆಸಿದೆ. ಆ ವರ್ಷ ಜೂನ್‌ನಲ್ಲಿ ತುಂತುರಿಗೆ ಹೋಗುವುದು ನಿಂತಿತು.

ಆಗಿನಿಂದ ಪ್ರತಿ ವರ್ಷ ಮಾರ್ಚ್ 14-15ರ ಆಸುಪಾಸು ನಾನು ಈ ನೆರಳು ನೋಡುತ್ತೇನೆ. ಖರ್ಚಿಲ್ಲ, ಯಂತ್ರ ಬೇಕಿಲ್ಲ. ಸೂರ್ಯನನ್ನು ನೇರ ನೋಡಬೇಡಿ, ತಟ್ಟೆಯ ಮೇಲಿನ ನೆರಳು ನೋಡಿದರೆ ಸಾಕು.

ಎರಡನೆಯ ಶತ್ರು ನಮ್ಮ ಉಪ್ಪುಗಾಳಿ. ಮಲ್ಪೆ ಕಡಲು ನಮಗೆ ದೂರವಲ್ಲ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದೂ, ಸಿಗ್ನಲ್ ಬರುವುದೂ ಅದೇ ವಯರ್‌ನಲ್ಲಿ. ಕನೆಕ್ಟರ್ ಒಳಗೆ ಉಪ್ಪಿನ ತೇವ ಹೋದರೆ ಆ ಕರೆಂಟ್‌ನಿಂದ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. 2022ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮದನ್ನು ಬಿಚ್ಚಿದಾಗ ಸೂಜಿಯಂತೆ ಮಿನುಗಬೇಕಾದ ನಡುವಿನ ತಂತಿ ಹಸಿರು ಪುಡಿ ಮೆತ್ತಿಕೊಂಡು ಕಡ್ಡಿಯಂತಾಗಿತ್ತು. ಮುಟ್ಟಿದರೆ ಮುರಿಯಿತು. ವಯರ್ ಒಳಗೂ ಒಂದು ಗೇಣು ಕಪ್ಪು. ಅಷ್ಟನ್ನೂ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ತಿರುಗಿಸಿ ಕೂರಿಸುವ ಅಗ್ಗದ ಕನೆಕ್ಟರ್ ಬೇಡ, ಉಪಕರಣದಿಂದ ಒತ್ತಿ ಕೂರಿಸುವಂಥದ್ದು ಹಾಕಿಸಿ. ಮೇಲೆ ರಬ್ಬರ್ ಟೇಪು ಎಳೆದು ಸುತ್ತಿ. ವಯರ್ ಗೋಡೆಯೊಳಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ. ಈಗ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಇದನ್ನು ಬಿಚ್ಚಿ ನೋಡುತ್ತೇನೆ.

2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಗಾಳಿಗೆ ಡಿಶ್ ಸ್ವಲ್ಪ ತಿರುಗಿತ್ತು. ಕಣ್ಣಿಗೆ ಗೊತ್ತಾಗದಷ್ಟು. ಪಿಕ್ಚರೂ ಚೆನ್ನಾಗಿಯೇ ಇತ್ತು. ಆದರೆ ಬಾಕ್ಸ್‌ನ ಮೆನುವಿನಲ್ಲಿ ಯಾವಾಗಲೂ 78 ಇರುತ್ತಿದ್ದ ಸಿಗ್ನಲ್ ಕ್ವಾಲಿಟಿ 52ಕ್ಕೆ ಇಳಿದಿತ್ತು. 60 ಸೆಂಟಿಮೀಟರ್ ಡಿಶ್ ಆಕಾಶದಲ್ಲಿ ನೋಡುವುದು ಸುಮಾರು 3 ಡಿಗ್ರಿಯಷ್ಟೇ ಅಗಲದ ಕಿಂಡಿಯಿಂದ, ಒಂದೆರಡು ಡಿಗ್ರಿ ತಿರುಗಿದರೂ ಅರ್ಧ ಹೋಯಿತು. ನಾನು ಮೇಲೆ ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸುವುದು, ಕೆಳಗೆ ಅಮ್ಮ ನಂಬರ್ ಓದಿ ಹೇಳುವುದು. ಹಿಂದೆ ಅಂಟೆನಾ ತಿರುಗಿಸುವಾಗ "ಬತ್ತ್‌ಂಡಾ?" (ಬಂತಾ?) ಎಂದು ಕೂಗುತ್ತಿದ್ದ ಹಾಗೆಯೇ. 76ಕ್ಕೆ ಬಂದಾಗ ಬಿಗಿ ಮಾಡಿದೆ. ಆ ದಿನ ನೋಡದೇ ಇದ್ದಿದ್ದರೆ ಜೂನ್ ಮೊದಲ ಮಳೆಗೇ ಟಿವಿ ಹೋಗುತ್ತಿತ್ತು, ನಾವು ಮತ್ತೆ ಮಳೆಗೆ ಬೈಯುತ್ತಿದ್ದೆವು.

ಒಂದು ಮಾತು: ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿ ಇರುತ್ತವೆ. ಸ್ಟ್ರೆಂತ್ ನೋಡಿ ಮೋಸ ಹೋಗಬೇಡಿ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಅದು ತುಂಬಿರುತ್ತದೆ, ಎಲ್‌ಎನ್‌ಬಿ ಬದುಕಿದೆ, ವಯರ್ ತಾಗಿದೆ ಎಂದಷ್ಟೇ ಅದರ ಅರ್ಥ. ಎಲ್‌ಎನ್‌ಬಿ ಮುಂದೆ ಕೈ ಅಡ್ಡ ಹಿಡಿದು ನೋಡಿ, ಸ್ಟ್ರೆಂತ್ ಅಲ್ಲೇ ಇರುತ್ತದೆ, ಕ್ವಾಲಿಟಿ ಸೊನ್ನೆಯಾಗುತ್ತದೆ. ನೋಡಬೇಕಾದ್ದು ಕ್ವಾಲಿಟಿಯನ್ನೇ. ಬಾಕ್ಸ್‌ನಿಂದ ಬಾಕ್ಸ್‌ಗೆ ನಂಬರ್ ಬೇರೆ ಇರುತ್ತದೆ, ಅದಕ್ಕೆ ನಿಮ್ಮ ಬಾಕ್ಸ್‌ನ ಬಿಸಿಲಿನ ದಿನದ ನಂಬರ್ ಒಂದು ಚೀಟಿಯಲ್ಲಿ ಬರೆದು ಅದರ ಕೆಳಗೇ ಅಂಟಿಸಿಡಿ. ನಮ್ಮ ಮನೆಯಲ್ಲಿ ಆ ಚೀಟಿ ಈಗಲೂ ಇದೆ.

2023ರಲ್ಲಿ ಡಿಶ್‌ನ ಕಾಲು ತುಕ್ಕು ಹಿಡಿದು ಹೋಯಿತು. ಹೇಗೂ ಬದಲಾಯಿಸಬೇಕಲ್ಲ ಎಂದು 90 ಸೆಂಟಿಮೀಟರ್ ಡಿಶ್ ಹಾಕಿಸಿದೆ. ತಟ್ಟೆಯ ವಿಸ್ತಾರ ಎರಡೂಕಾಲು ಪಟ್ಟು ಆಯಿತು, ಚೀಟಿಯ ನಂಬರ್ 86 ಆಯಿತು. ಜೋರು ಮಳೆಗೆ ಈಗಲೂ ಹೋಗುತ್ತದೆ, ಆದರೆ ಮೊದಲು ಹದಿನೈದು ನಿಮಿಷ ಹೋಗುತ್ತಿದ್ದಲ್ಲಿ ಈಗ ನಾಲ್ಕೈದು ನಿಮಿಷ. ಕರಾವಳಿಯಲ್ಲಿ ಹೊಸದಾಗಿ ಹಾಕಿಸುವವರಿಗೆ ನಾನು ಮೊದಲೇ ದೊಡ್ಡ ಡಿಶ್ ಕೇಳಿ ಎನ್ನುತ್ತೇನೆ. ಗಾಳಿ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟ್ ಬೇಕೇ ಬೇಕು. ಹಂಚಿನ ಮಾಡಿನ ಪಕ್ಕಾಸಿಗೆ ಕಟ್ಟಬೇಡಿ.

ಸಿಡಿಲಿಗೆ ಒಂದು ಬಾಕ್ಸ್ ಸುಟ್ಟಿದೆ, ಅಕ್ಟೋಬರ್‌ನ ಒಂದು ಸಂಜೆ. ಪ್ಲಗ್ ತೆಗೆದಿದ್ದೆ, ಡಿಶ್ ವಯರ್ ತೆಗೆದಿರಲಿಲ್ಲ. ಎರಡನ್ನೂ ತೆಗೆಯಬೇಕು, ಅದೂ ಗುಡುಗು ಹತ್ತಿರ ಬರುವ ಮೊದಲೇ. ಹೊಸ ಬಾಕ್ಸ್ ತರುವಾಗ ಎಂಪೆಗ್-4 (ವಿಡಿಯೊ ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವಂಥದ್ದೇ ತಂದೆ, ಹಳೆ ಎಂಪೆಗ್-2 ಬಾಕ್ಸ್‌ನಲ್ಲಿ ಬಾರದ ಕೆಲವು ಚಾನೆಲ್ ಇದರಲ್ಲಿ ಬರುತ್ತವೆ. ಏಪ್ರಿಲ್ ಆರಂಭದಲ್ಲಿ ಚಾನೆಲ್‌ಗಳು ಬದಲಾಗುತ್ತವೆ. ಆಗ ಒಂದು ಚಾನೆಲ್ ಮಾತ್ರ ಕಾಣೆಯಾದರೆ ಡಿಶ್ ಮುಟ್ಟಬೇಡಿ, ಹೊಸದಾಗಿ ಸ್ಕ್ಯಾನ್ ಮಾಡಿ.

ಕೊರತೆಯೂ ಇದೆ. ಕನ್ನಡದ ಖಾಸಗಿ ಚಾನೆಲ್ ಬೇಕೆನ್ನುವವರಿಗೆ ಇದು ಸಾಲದು. ಕೇಬಲ್‌ನಲ್ಲಿ ಬರುತ್ತಿದ್ದ ನಮ್ಮ ಊರಿನ ತುಳು ಚಾನೆಲ್‌ಗಳು ಇದರಲ್ಲಿ ಇಲ್ಲ. ಕೋಲ, ಯಕ್ಷಗಾನದ ನೇರ ಪ್ರಸಾರ ಇದ್ದ ದಿನ ಅಮ್ಮ ಪಕ್ಕದ ಮನೆಯ ಅಕ್ಕನಲ್ಲಿಗೆ ಹೋಗುತ್ತಾರೆ. ಏಳು ವರ್ಷದಲ್ಲಿ ಅವರಿಗೆ ಇದೊಂದೇ ಬೇಸರ, ನನಗೂ ಅದು ಬೇಸರವೇ. ಹಾಗಾಗಿ ಐದರಲ್ಲಿ ನಾಲ್ಕು ಕೊಡುತ್ತೇನೆ.

ಹಿತ್ತಿಲಾಚೆಯ ಹಲಸಿನ ಮರ ಈ ವರ್ಷ ಚೆನ್ನಾಗಿ ಚಿಗುರಿದೆ. ಕಳೆದ ಮಾರ್ಚ್‌ನಲ್ಲಿ ಅದರ ನೆರಳು ಡಿಶ್‌ನಿಂದ ಎರಡು ಅಡಿ ದೂರದಲ್ಲಿ ಬಿದ್ದಿತ್ತು. ಹಣ್ಣು ಕೊಡುವ ಮರ, ಕಡಿಯಿರಿ ಎಂದು ಕೇಳುವ ಮನಸ್ಸಿಲ್ಲ. ಮುಂದಿನ ಮಾರ್ಚ್‌ನಲ್ಲಿ ನೆರಳು ತಟ್ಟೆ ಮುಟ್ಟಿದರೆ ಡಿಶ್ಶನ್ನೇ ಟಾರಸಿಯ ಪಡುವಣ ಮೂಲೆಗೆ ಸರಿಸುತ್ತೇನೆ. ಅದಕ್ಕೆ ಬೇಕಾದ ಎಂಟು ಮೀಟರ್ ಹೆಚ್ಚಿನ ವಯರ್ ಈಗಲೇ ತಂದಿಟ್ಟಿದ್ದೇನೆ, ಮಧ್ಯೆ ಜಾಯಿಂಟ್ ಬಾರದ ಹಾಗೆ ಪೂರ್ತಿ ಒಂದೇ ತುಂಡು.