ಗಾಗ್‌ನಲ್ಲಿ ಆರು ವರ್ಷ: ನೆಟ್ ಹೋದಾಗಲೂ ತೆರೆಯುವ ಗೇಮ್‌ಗಳು

ನನ್ನದು ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಅಂಗಡಿ. ಕಂಪ್ಯೂಟರ್ ರಿಪೇರಿ, ಪ್ರಿಂಟರ್ ಇಂಕು, ಸಿಸಿ ಕ್ಯಾಮೆರಾ, ಇಷ್ಟರಲ್ಲೇ ಹೊಟ್ಟೆಪಾಡು. ರಾತ್ರಿ ಷಟರ್ ಎಳೆದು ಮನೆಗೆ ಬಂದು ಊಟ ಮುಗಿದ ಮೇಲೆ ಒಂದು ತಾಸು ಗೇಮ್ ಆಡುತ್ತೇನೆ. ನಲವತ್ತು ದಾಟಿದರೂ ಚಟ ಹೋಗಿಲ್ಲ. ಮನೆಯಾಕೆ ಬೈದು ಬೈದು ಈಗ ಬೈಯೋದನ್ನೇ ಬಿಟ್ಟಿದ್ದಾಳೆ.

2019ರ ದೀಪಾವಳಿಯ ಹೊತ್ತಿಗೆ ಗಾಗ್ (GOG) ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮೊದಲ ಗೇಮ್ ಕೊಂಡೆ. ಇವತ್ತಿಗೆ 43 ಆಗಿವೆ. ಎಲ್ಲವೂ ಒಂದು ಹಾರ್ಡ್ ಡಿಸ್ಕ್‌ನಲ್ಲಿವೆ, ಆ ಡಿಸ್ಕ್ ಅಲಮಾರಿಯಲ್ಲಿ ಮನೆಯ ಕಾಗದಪತ್ರಗಳ ಪಕ್ಕ ಇದೆ. ಈ ವಿಮರ್ಶೆ ಹೆಚ್ಚುಕಡಿಮೆ ಆ ಡಿಸ್ಕಿನದೇ.

ಒಂದು ಮೇ ತಿಂಗಳ ಮಾತು. ಕಲಬುರಗಿಯ ಮೇ ಅಂದರೆ ಗೊತ್ತೇ ಇದೆ, ಮಧ್ಯಾಹ್ನ ನಾಯಿಯೂ ನೆರಳು ಬಿಟ್ಟು ಏಳಲ್ಲ. ಶಹಾಬಾದಿನಿಂದ ಅಕ್ಕನ ಮಗ ರಜೆಗೆ ಬಂದಿದ್ದ, ಜೊತೆಗೆ ಹೊಸ ಲ್ಯಾಪ್‌ಟಾಪ್ ತಂದಿದ್ದ. ಕೂಲರಿಗೆ ಎರಡು ಬಕೆಟ್ ನೀರು ಸುರಿದು ಅದರ ಮುಂದೆ ಕೂತೆವು. ಆವತ್ತು ಬೆಳಿಗ್ಗೆ ಓಣಿಯ ತುದಿಯಲ್ಲಿ ಒಳಚರಂಡಿ ಅಗೆಯುತ್ತಿದ್ದ ಜೆಸಿಬಿ ಫೈಬರ್ ಕೇಬಲ್ಲನ್ನು ಕರಿಕೆ ಕಿತ್ತ ಹಾಗೆ ಕಿತ್ತು ಎತ್ತಿಹಾಕಿತ್ತು. ಮೊಬೈಲಿನಲ್ಲಿ ಒಂದೇ ಕಡ್ಡಿ, ಅದೂ ಬಂದು ಹೋಗಿ ಮಾಡುತ್ತಿತ್ತು.

ಹುಡುಗ ತನ್ನ ಗೇಮ್ ಒತ್ತಿದ. ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಂದು ಸಂದೇಶ ಬಂತು.

"ಮಾಮಾ, ನೆಟ್‌ಗೆ ಕನೆಕ್ಟ್ ಮಾಡು ಅನ್ಲತ್ತದ ನೋಡು. ಇದು ಒಬ್ಬನೇ ಆಡೋ ಗೇಮ್ ಅದ. ಇದಕ್ಯಾಕ ನೆಟ್?"

"ಎಷ್ಟ್ ರೊಕ್ಕ ಕೊಟ್ಟಿದ್ದಿ?"

"ಎರಡೂವರಿ ಸಾವಿರ."

ಯಾವ ಕಂಪನಿ ಅಂತ ಇಲ್ಲಿ ಬೇಡ. ಎದ್ದು ಅಲಮಾರಿಯಿಂದ ಡಿಸ್ಕ್ ತಂದು ನನ್ನ ಪಿಸಿಗೆ ಚುಚ್ಚಿದೆ. 'ಸೆಟಪ್' ಅಂತ ಶುರುವಾಗುವ ಫೈಲು, ಅದರ ಮೇಲೆ ಎರಡು ಸಲ ಒತ್ತಿದರೆ ಆಯಿತು. ಪಾಸ್‌ವರ್ಡ್ ಕೇಳಲ್ಲ, ಕೀ ಕೇಳಲ್ಲ, ನೀನು ಯಾರು ಅಂತಲೂ ಕೇಳಲ್ಲ. ಹತ್ತು ನಿಮಿಷಕ್ಕೆ ಗೇಮ್ ಸಿದ್ಧವಾಯಿತು. ಸಂಜೆ ಚಹಾ ಆಗೋವರೆಗೂ ಸೋದರಮಾವ, ಸೋದರಳಿಯ ಸರದಿ ಮೇಲೆ ಆಡಿದೆವು.

ಗಾಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯವರು 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಅನ್ನೋ ಹೆಸರಲ್ಲಿ ತೆರೆದ ಅಂಗಡಿ. ಹಳೇ ಗೇಮ್‌ಗಳನ್ನು ಇವತ್ತಿನ ವಿಂಡೋಸ್‌ನಲ್ಲಿ ಓಡುವ ಹಾಗೆ ರಿಪೇರಿ ಮಾಡಿ, ನಕಲು ತಡೆಯುವ ಬೀಗ ತೆಗೆದು ಇಲ್ಲಿ ಮಾರುತ್ತಾರೆ. ಆಮೇಲೆ ಹೊಸವನ್ನೂ ಮಾರತೊಡಗಿದರು. ಈ ಕಂಪನಿಯವರು ಬೆಳೆದದ್ದೇ ನಕಲಿ ಸಿಡಿಗಳ ಸಂತೆಯ ನಡುವೆ. ತೊಂಬತ್ತರ ದಶಕದ ಪೋಲೆಂಡಿನಲ್ಲಿ ಕದ್ದ ಸಿಡಿಯೇ ರೂಢಿ, ಅಸಲಿ ಕೊಂಡವನು ಹುಚ್ಚ. 1999ರಲ್ಲಿ ಅವರು 'ಬಾಲ್ಡರ್ಸ್ ಗೇಟ್' ಗೇಮಿಗೆ ಪೋಲಿಷ್ ಮಾತು ಕೊಡಿಸಿ, ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ, ಹಾಡಿನ ಸಿಡಿ ಎಲ್ಲ ಇಟ್ಟು ಮಾರಿದರು. ಕದ್ದ ಮಾಲಿಗಿಂತ ಕೊಂಡ ಮಾಲು ಚೆನ್ನಾಗಿದ್ದರೆ ಜನ ಕೊಳ್ಳುತ್ತಾರೆ ಅನ್ನೋದು ಅವರ ಲೆಕ್ಕ. ಲೆಕ್ಕ ತಪ್ಪಲಿಲ್ಲ.

ನಮ್ಮ ಕಡೆ ನಡೆದದ್ದು ಉಲ್ಟಾ. ಊರಿನ ಹೆಸರು ಇನ್ನೂ ಗುಲ್ಬರ್ಗಾ ಇದ್ದ ಕಾಲ, ಸೂಪರ್ ಮಾರ್ಕೆಟಿನ ಫುಟ್‌ಪಾತ್ ಮೇಲೆ ಐವತ್ತು ರೂಪಾಯಿಗೆ ಸಿಡಿ ಸಿಗುತ್ತಿತ್ತು. ನಾನೂ ಕೊಂಡಿದ್ದೇನೆ, ಸುಳ್ಳು ಯಾಕೆ. ಒಂದು ಸಲ ಮಾತ್ರ ಅಸಲಿ ಕೊಳ್ಳಬೇಕು ಅಂತ ಹಟ ಬಂತು. ಹೈದರಾಬಾದಿಗೆ ಹೋದಾಗ ಸಿಕಂದರಾಬಾದಿನ ಸಿಟಿಸಿ ಮಾರ್ಕೆಟ್‌ನಲ್ಲಿ 499 ಕೊಟ್ಟು ಒಂದು ಪೆಟ್ಟಿಗೆ ತಂದೆ. ರೈಲಿನಲ್ಲಿ ತಾಂಡೂರು ಬರೋವರೆಗೂ ಅದರ ಹಿಂದಿನ ಚಿತ್ರಗಳನ್ನೇ ನೋಡುತ್ತಿದ್ದೆ. ಆ ಪೆಟ್ಟಿಗೆ ಈಗಲೂ ಇದೆ, ಸಿಡಿಯ ಮೇಲೆ ಒಂದು ಗೀರಿಲ್ಲ. ಆದರೆ ಈಗಿನ ಪಿಸಿಯಲ್ಲಿ ತೆರೆಯಲ್ಲ. ಅದೇ ಗೇಮಿನ ಐವತ್ತು ರೂಪಾಯಿಯ ಕಳ್ಳ ಸಿಡಿ ಗೆಳೆಯನ ಹತ್ತಿರ ಇತ್ತು. ಅದು ಓಡಿತು!

ಕಾರಣ ಸರಳ. ಆಗಿನ ಅಸಲಿ ಸಿಡಿಗಳಲ್ಲಿ ಸೇಫ್‌ಡಿಸ್ಕ್, ಸೆಕ್ಯುರಾಮ್ ಅಂತ ಬೀಗಗಳಿದ್ದವು. ಡ್ರೈವಿನಲ್ಲಿರೋದು ಅಸಲಿ ತಟ್ಟೆಯೋ ನಕಲಿಯೋ ಅಂತ ಪರೀಕ್ಷಿಸಲು ಅವು ವಿಂಡೋಸ್‌ನ ಒಳಕೋಣೆಯವರೆಗೆ ಕೈ ಹಾಕುತ್ತಿದ್ದವು. ಸೇಫ್‌ಡಿಸ್ಕ್ ಬಳಸುತ್ತಿದ್ದ ಡ್ರೈವರ್ ಅನ್ನೋ ಒಳ ಸಾಫ್ಟ್‌ವೇರ್‌ನಲ್ಲಿ ವೈರಸ್ಸುಗಳಿಗೆ ದಾರಿ ಕೊಡುವ ತೂತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್‌ನವರು ಆ ಡ್ರೈವರ್ ಕೈಬಿಟ್ಟರು. ಕೈಬಿಟ್ಟದ್ದು ಸರಿಯೇ. ಆದರೆ ಆ ಬೀಗ ಹಾಕಿದ್ದ ಗೇಮ್‌ಗಳೂ ಅದರ ಜೊತೆಗೇ ಹೋದವು. ಬೀಗ ಒಡೆದ ಕಳ್ಳ ಸಿಡಿಗೆ ಬೀಗದ ಚಿಂತೆಯೇ ಇಲ್ಲವಲ್ಲ. 2008ರ 'ಸ್ಪೋರ್' ಗೇಮಿನಲ್ಲಿ ಇನ್ನೊಂದು ತರಹದ ಕಟ್ಟು: ಮೂರೇ ಸಲ ಆಕ್ಟಿವೇಟ್ ಮಾಡಬಹುದು. ಜನ ಬೊಬ್ಬೆ ಹೊಡೆದ ಮೇಲೆ ಐದಕ್ಕೆ ಏರಿಸಿದರು. ಅದಕ್ಕೂ ಮೊದಲು, 2005ರಲ್ಲಿ, ಸೋನಿ ಬಿಎಂಜಿಯವರ ಹಾಡಿನ ಸಿಡಿಗಳು ಕಂಪ್ಯೂಟರಿನಲ್ಲಿ ತಾವೇ ಅಡಗಿ ಕೂರುವ ಸಾಫ್ಟ್‌ವೇರ್ ಹಾಕುತ್ತವೆ ಅಂತ ಗೊತ್ತಾಗಿ, ಸಿಡಿಗಳನ್ನೇ ವಾಪಸ್ ಕರೆಸಿಕೊಳ್ಳಬೇಕಾಯಿತು.

ಬೀಗದ ಮೇಲಿನ ನನ್ನ ಸಿಟ್ಟು ಗೇಮ್‌ನಿಂದ ಹುಟ್ಟಿದ್ದಲ್ಲ, ಲಗ್ನಪತ್ರಿಕೆಯಿಂದ. ಶಹಾಬಜಾರದಲ್ಲಿ ನಮ್ಮ ಕಾಕಾನ ಪ್ರೆಸ್ ಇತ್ತು. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್‌ಗೆ ಒಂದು ಲಾಕ್ ಕೊಟ್ಟಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡದು, ಸಿಪಿಯು ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ ಎರಡು ಸ್ಕ್ರೂ ಬಿಗಿಯಬೇಕು, ಪ್ರಿಂಟರಿನ ವೈರು ಅದರ ಬೆನ್ನಿಗೆ. ಲಾಕ್ ಇಲ್ಲ ಅಂದರೆ ಸಾಫ್ಟ್‌ವೇರ್ ಬಾಯಿ ಬಿಡಲ್ಲ. ಒಂದು ವೈಶಾಖದಲ್ಲಿ, ಮದುವೆ ಸೀಜನ್ ತಲೆ ಮೇಲೆ ಇರುವಾಗ, ಕರೆಂಟು ಜಾಸ್ತಿ ಬಂದು ಲಾಕ್ ಸುಟ್ಟಿತು. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್, ಬಿಲ್ಲೂ ಇದೆ. ಕಂಪನಿಗೆ ಫೋನ್ ಮಾಡಿದರೆ ಹಳೇ ಲಾಕ್ ಕೊರಿಯರ್ ಮಾಡಿ, ಪರೀಕ್ಷೆ ಮಾಡಿ ಹೊಸದು ಕಳಿಸುತ್ತೇವೆ ಅಂದರು. ಹನ್ನೊಂದು ದಿನ. ಅಷ್ಟೂ ದಿನ ಕಾಕಾ ಪಕ್ಕದ ಪ್ರೆಸ್ಸಿನವನ ಮುಂದೆ ಕೈಕಟ್ಟಿ ನಿಂತು, ಪುಟಕ್ಕೆ ಇಷ್ಟು ಅಂತ ಕೊಟ್ಟು ಟೈಪ್ ಮಾಡಿಸಿಕೊಂಡು ಬಂದ. ಆ ಪಕ್ಕದವನ ಹತ್ತಿರ ಇದ್ದದ್ದು ಅದೇ ಸಾಫ್ಟ್‌ವೇರಿನ ಒಡೆದ ಕಾಪಿ, ಲಾಕ್ ಇಲ್ಲದ್ದು. ಆಮೇಲೆ ಸರ್ಕಾರದ ಪುಕ್ಕಟೆ 'ನುಡಿ' ಬಂದ ಮೇಲೆ ಕಾಕಾ ಅದಕ್ಕೇ ಹೊರಳಿಬಿಟ್ಟ.

ಈಗ ಅಂಗಡಿಯಲ್ಲಿ ದಿನವೂ ಇದರ ಮೊಮ್ಮಕ್ಕಳನ್ನು ನೋಡುತ್ತೇನೆ. ಇಂಕು ತುಂಬಿದ ಕಾರ್ಟ್ರಿಜ್, ಪ್ರಿಂಟರ್ ಒಪ್ಪಲ್ಲ, ಯಾಕೆಂದರೆ ಅದರ ಬೆನ್ನಿನ ಚಿಪ್ ಬೇರೆ ಕಂಪನಿಯದು. ಗಿರಾಕಿ ನನ್ನ ಮೇಲೆ ಹಾಯುತ್ತಾನೆ: "ಮಶೀನ್ ನಂದು, ಕಾಗದ ನಂದು, ಇಂಕೂ ನಂದು, ಮತ್ ಯಾಕ್ ಒಲ್ಲೆ ಅಂತದ್ರಿ?" ನಾನೇನು ಹೇಳಲಿ.

ಸರಿ, ಗಾಗ್‌ಗೆ ಬರುತ್ತೇನೆ. ಕೊಂಡ ಮೇಲೆ ಎರಡು ದಾರಿ. 'ಗ್ಯಾಲಕ್ಸಿ' ಅನ್ನೋ ಆ್ಯಪ್ ಹಾಕಿಕೊಂಡರೆ ಅಪ್‌ಡೇಟ್, ಸೇವ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ಬೇಡ ಅಂದರೆ ಆಫ್‌ಲೈನ್ ಇನ್‌ಸ್ಟಾಲರ್, ಅಂದರೆ ನೆಟ್ ಇಲ್ಲದೆಯೂ ಗೇಮ್ ಹಾಕುವ ಫೈಲು, ಇಳಿಸಿಕೊಳ್ಳಬಹುದು. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲಿನ ಜೊತೆ ತುಂಡು ತುಂಡಾಗಿ ಬಿನ್ ಫೈಲುಗಳು ಬರುತ್ತವೆ. ಎಲ್ಲ ಒಂದೇ ಫೋಲ್ಡರಿನಲ್ಲಿ ಇರಬೇಕು, ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ನಡುದಾರಿಯಲ್ಲಿ ನಿಲ್ಲುತ್ತದೆ. ಶುರುವಿನಲ್ಲಿ ಈ ತಪ್ಪು ನಾನೇ ಮಾಡಿದ್ದೆ. ಅದಕ್ಕೇ ಇಳಿಸಿದ ಕೂಡಲೇ ಒಂದು ಸಲ ಇನ್‌ಸ್ಟಾಲ್ ಮಾಡಿ ನೋಡಿ, ಆಮೇಲೆ ಡಿಸ್ಕಿಗೆ ಹಾಕುತ್ತೇನೆ. ಹಾರ್ಡ್ ಡಿಸ್ಕಿಗೆ ಕೊಟ್ಟ ದುಡ್ಡನ್ನೂ ಗೇಮಿನ ಬೆಲೆಯಲ್ಲಿ ಹಿಡಿಯಿರಿ, ಅದು ಯಾರೂ ಹೇಳದ ಖರ್ಚು.

ದುಡ್ಡು ವಾಪಸಿನ ನಿಯಮ ಉದಾರ: ಕೊಂಡ 30 ದಿನದೊಳಗೆ, ಆಡಿದ್ದರೂ ಕೇಳಬಹುದು. ಸ್ಟೀಮ್ ಅನ್ನೋ ಇನ್ನೊಂದು ದೊಡ್ಡ ಗೇಮ್ ಅಂಗಡಿಯಲ್ಲಿ 14 ದಿನ, ಅದೂ ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಆದರೆ ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಇದೆ, ಯುಪಿಐ ನಡೆಯುತ್ತದೆ, ನಮ್ಮ ಹುಡುಗರಿಗೆ ಅದು ದೊಡ್ಡ ವಿಷಯ. ನಾನೂ ಅಲ್ಲಿ ಹತ್ತಾರು ಗೇಮ್ ಕೊಂಡಿದ್ದೇನೆ, ಮುಚ್ಚಿಡೋದೇನಿಲ್ಲ.

ಕೊರತೆಗಳು ಇಲ್ಲದಿಲ್ಲ. ದೊಡ್ಡ ಕಂಪನಿಗಳ ಹೊಸ ಗೇಮ್ ಇಲ್ಲಿಗೆ ತಡವಾಗಿ ಬರುತ್ತವೆ, ಎಷ್ಟೋ ಬರುವುದೇ ಇಲ್ಲ. ಪ್ರತಿ ವರ್ಷದ ಫುಟ್‌ಬಾಲ್ ಗೇಮ್ ಬೇಕು, ಗೆಳೆಯರ ಜೊತೆ ಆನ್‌ಲೈನ್ ಹೊಡೆದಾಡಬೇಕು ಅನ್ನುವವರಿಗೆ ಇದು ಅಂಗಡಿಯೇ ಅಲ್ಲ. ಇನ್‌ಸ್ಟಾಲರ್ ಇಟ್ಟುಕೊಂಡವರು ಹೊಸ ಪ್ಯಾಚ್ (ಗೇಮಿನ ತಿದ್ದುಪಡಿ) ಬಂದಾಗ ತಾವೇ ಹೋಗಿ ಇಳಿಸಬೇಕು. 2021ರಲ್ಲಿ ಇವರೂ ಒಂದು ಸಲ ಎಡವಿದರು. 'ಹಿಟ್‌ಮ್ಯಾನ್' ಗೇಮ್ ಮಾರಿದರು, ಅದರ ಎಷ್ಟೋ ಭಾಗ ಆನ್‌ಲೈನ್ ಇಲ್ಲದೆ ತೆರೆಯುತ್ತಿರಲಿಲ್ಲ. ಬೀಗವಿಲ್ಲ ಅಂತ ಬೋರ್ಡ್ ಹಾಕಿ ಬೀಗ ಹಾಕಿದ ಪೆಟ್ಟಿಗೆ ಮಾರಿದರೆ? ಗಿರಾಕಿಗಳು ಕೆರಳಿದರು, ಕೆಲವೇ ವಾರಗಳಲ್ಲಿ ಗೇಮನ್ನು ಅಂಗಡಿಯಿಂದ ತೆಗೆದರು.

ಮತ್ತೊಂದು ಕೊರತೆ ಗಾಗ್‌ನದಲ್ಲ, ನಮ್ಮದು. ಬೀಗ ಇಲ್ಲ ಅಂತ ಗೊತ್ತಾದ ಕೂಡಲೇ ಕಾಲೇಜು ಹುಡುಗರು ಪೆನ್‌ಡ್ರೈವ್ ಹಿಡಿದು ಬಂದರು. "ಅಣ್ಣಾ, ಹಾಕ್ಕೊಡ್ರಿ, ನಿಮಗೇನ್ ಕಮ್ಮಿ ಆಗ್ತದ?" ಮೊದಲ ವರ್ಷ ಇಬ್ಬರಿಗೆ ಹಾಕಿಕೊಟ್ಟೆ. ಆಮೇಲೆ ನಿಲ್ಲಿಸಿದೆ. ಈಗ ಸೇಲ್ ಇದ್ದಾಗ ಹೇಳಿ ಕಳಿಸುತ್ತೇನೆ. ನೂರು, ನೂರೈವತ್ತಕ್ಕೆ ಬೀಳುತ್ತವೆ ಹಳೇ ಗೇಮ್, ಒಂದು ದಿನದ ಚಹಾ, ಭಜಿ, ಗುಟ್ಕಾದ ಖರ್ಚು. ನಾಲ್ಕು ಜನ ಕೊಂಡರು. ಉಳಿದವರು ಮುಖ ಗಂಟು ಹಾಕಿಕೊಂಡು ಹೋದರು.

ಇಷ್ಟೆಲ್ಲ ಬೇಕಾ, ಎಲ್ಲ ಅಕೌಂಟಿನಲ್ಲಿ ಇರುತ್ತಲ್ಲ ಅನ್ನುವವರಿಗೆ 'ದಿ ಕ್ರೂ' ಕಥೆ ಹೇಳುತ್ತೇನೆ. ಯೂಬಿಸಾಫ್ಟ್‌ನ ಕಾರ್ ರೇಸಿಂಗ್ ಗೇಮ್, 2014ರಲ್ಲಿ ಬಂದದ್ದು. ಒಬ್ಬರೇ ಆಡಿದರೂ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಮಾಡಿದರು, ಅಲ್ಲಿಗೆ ದುಡ್ಡು ಕೊಟ್ಟವರ ಗೇಮ್ ಮುಗಿಯಿತು. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಇದೆ: ಬರೀ ಪರವಾನಗಿ ಕೊಡುತ್ತಾ 'ಖರೀದಿಸಿ' ಅನ್ನೋ ಬಟನ್ ಹಾಕುವುದಾದರೆ, ಇದು ಪರವಾನಗಿ ಅಷ್ಟೇ ಅಂತ ಸ್ಪಷ್ಟವಾಗಿ ಬರೆಯಬೇಕು. ಇಳಿಸಿಕೊಂಡು ನೆಟ್ ಇಲ್ಲದೆ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಮಾಲಿಗೆ ಅದರಲ್ಲಿ ವಿನಾಯಿತಿ ಇದೆ. ಗಾಗ್‌ನ ಷರತ್ತುಗಳಲ್ಲೂ ಇರೋದು ಪರವಾನಗಿ ಅನ್ನೋ ಪದವೇ, ನಾನು ಓದಿದ್ದೇನೆ. ಆದರೆ ಇನ್‌ಸ್ಟಾಲರ್ ನನ್ನ ಅಲಮಾರಿಯಲ್ಲಿದೆ, ಅದನ್ನು ತೆಗೆದುಕೊಂಡು ಹೋಗಲು ಯಾರಾದರೂ ಮನೆಗೇ ಬರಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹೊಸ ಗೇಮ್‌ಗಳ ಬರಕ್ಕೆ.

ಹೋದ ವಾರದಿಂದ ಡಿಸ್ಕ್ ತಿರುಗುವಾಗ ಸಣ್ಣಗೆ ಟಿಕ್ ಟಿಕ್ ಅನ್ನುತ್ತಿದೆ. ಆರು ಬೇಸಿಗೆ ತಿಂದಿದೆ, ಪಾಪ. ಹೊಸದಕ್ಕೆ ಕಾಪಿ ಹಚ್ಚಿ ಇದನ್ನು ಬರೆಯಲು ಕೂತೆ; 43ರಲ್ಲಿ 31 ಆಚೆ ಹೋಗಿವೆ, ಕರೆಂಟು ಇನ್ನೊಂದು ತಾಸು ಇದ್ದರೆ ಸಾಕು.