ಇಲ್ಲದ ಸಾಲಿನಲ್ಲಿ ಐದು ಸೀಟು: ನಾಟಕೋತ್ಸವಕ್ಕೆ ಹೊರಟವರು ಓದಿ

ಮೊದಲೇ ಹೇಳಿಬಿಡುತ್ತೇನೆ. ನಾಟಕೋತ್ಸವಕ್ಕೆ ಟಿಕೆಟ್ ಬೇಕು ಅಂತ ಗೂಗಲ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ಲಿಂಕ್ ಒತ್ತಬೇಡಿ. ನಾನು ಒತ್ತಿದೆ. ಐದು ಜನರ ಹಣ ಹೋಯಿತು. ಹಳೇ ಸ್ನೇಹವೂ ಹೋಗುವುದರಲ್ಲಿತ್ತು, ಹೇಗೋ ಉಳಿಯಿತು.

ನಾವು ಐವರೂ ಕಾಲೇಜಿನಿಂದ ಜೊತೆಗಿರುವವರು. ಈ ಸಲ ಶನಿವಾರ, ಭಾನುವಾರ ಎರಡೂ ದಿನ ಬರೀ ನಾಟಕ ನೋಡೋಣ ಅಂತ ತೀರ್ಮಾನವಾಯಿತು. ಇಂಥ ಪ್ರವಾಸಗಳಿಗೆ ವೇಳಾಪಟ್ಟಿ ಹಾಕುವ ಗೆಳೆಯನೊಬ್ಬ ಇದ್ದಾನೆ, ಅವನನ್ನು ನಾವು ಮೇಷ್ಟ್ರು ಅಂತಲೇ ಕರೆಯುವುದು. ಮೇಷ್ಟ್ರು ಎಕ್ಸೆಲ್ ತೆರೆದು ಶನಿವಾರಕ್ಕೆ ನಾಲ್ಕು, ಭಾನುವಾರಕ್ಕೆ ಮೂರು ನಾಟಕ ತುಂಬಿದ. ಟಿಕೆಟ್ ನನ್ನ ಪಾಲಿಗೆ ಬಂತು. ಹಾಗಾಗಿ ಈ ಕತೆಯಲ್ಲಿ ದಡ್ಡ ನಾನೇ.

ಉತ್ಸವದ ಹೆಸರು ಟೈಪ್ ಮಾಡಿದೆ, ಮೊದಲ ಲಿಂಕ್ ಒತ್ತಿದೆ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಜಾಹೀರಾತು ಅಂತ ಇದ್ದದ್ದು ಆಮೇಲೆ ಕಂಡಿತು. ಅದೇ ಪೋಸ್ಟರ್, ಅದೇ ಬಣ್ಣ. ವಿಳಾಸದಲ್ಲಿ ಮಾತ್ರ ಉತ್ಸವದ ಹೆಸರಿನ ಮುಂದೆ ಒಂದು ಅಡ್ಡಗೆರೆ ಎಳೆದು 'ಟಿಕೆಟ್ಸ್' ಅಂತ ಸೇರಿಸಿದ್ದರು. ಅದನ್ನೆಲ್ಲ ಯಾರು ನೋಡ್ತಾರೆ, ಅಲ್ವಾ? 'ಎಲ್ಲ ನಾಟಕಗಳಿಗೂ ಒಂದೇ ಪಾಸ್. ಕೊನೆಯ 6 ಸೀಟು' ಅಂತ ಕೆಂಪಕ್ಷರ ಮಿಣಮಿಣ ಅನ್ನುತ್ತಿತ್ತು. ಪಕ್ಕದಲ್ಲಿ ಹತ್ತು ನಿಮಿಷದ ಗಡಿಯಾರ ಇಳಿಯುತ್ತಾ ಇತ್ತು. ಕಾರ್ಡ್‌ನಲ್ಲಿ ಕೊಟ್ಟರೆ ಹೆಚ್ಚುವರಿ ಶುಲ್ಕ, ಖಾತೆಗೆ ನೇರವಾಗಿ ಕಳಿಸಿದರೆ ಇಲ್ಲ. ಜಾಣತನ ಮಾಡಿದೆ ಅಂದುಕೊಂಡು ಖಾತೆಗೇ ಕಳಿಸಿದೆ.

'ಎಲ್ಲದಕ್ಕೂ ಒಂದೇ ಪಾಸ್' ಅಂದಾಗಲೇ ಅನುಮಾನ ಬರಬೇಕಿತ್ತು. ಕೆಲವು ದೊಡ್ಡ ಉತ್ಸವಗಳಲ್ಲಿ ಆಹ್ವಾನಿತ ತಂಡಗಳ ಮುಖ್ಯ ಉತ್ಸವ ಒಂದಾದರೆ, ಫ್ರಿಂಜ್, ಅಂದರೆ ಅಂಚು, ಅನ್ನುವುದು ಇನ್ನೊಂದು. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ತಂಡಗಳು ಯಾರೂ ಕರೆಯದೆ ಬಂದು, ಅಂಚಿನಲ್ಲಿ ತಮ್ಮ ಪಾಡಿಗೆ ನಾಟಕ ಆಡಿದವು. ಫ್ರಿಂಜ್ ಹುಟ್ಟಿದ್ದೇ ಹಾಗೆ. ಅಲ್ಲಿ ಇವತ್ತಿಗೂ ಎರಡನ್ನೂ ನಡೆಸುವವರು ಬೇರೆ ಬೇರೆ, ಟಿಕೆಟ್ ಮಾರುವವರೂ ಬೇರೆ. ನಾವು ಹೋದ ಉತ್ಸವದಲ್ಲೂ ಮುಖ್ಯ ವಿಭಾಗ, ಫ್ರಿಂಜ್ ಎರಡೂ ಇದ್ದವು, ಟಿಕೆಟ್ ಬೇರೆ ಬೇರೆ. ಎರಡಕ್ಕೂ ಸೇರಿಸಿ ಒಂದು ಪಾಸ್ ಅನ್ನುವುದೇ ಇರಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಇಲ್ಲದ ವಸ್ತುವಿಗೆ.

ಶನಿವಾರದ ಮೊದಲ ನಾಟಕ. ಬಾಗಿಲಲ್ಲಿ ಸ್ವಯಂಸೇವಕಿ ಒಬ್ಬಳು, ಕತ್ತಿನಲ್ಲಿ ಬ್ಯಾಡ್ಜ್, ಕೈಯಲ್ಲಿ ಸ್ಕ್ಯಾನರ್. ಮೊದಲಿಗೆ ಮೇಷ್ಟ್ರು ಫೋನ್ ಹಿಡಿದ. ಕೆಂಪು ದೀಪ. ಪರದೆ ಒರೆಸಿ ಮತ್ತೆ ಹಿಡಿದ. ಮತ್ತೆ ಕೆಂಪು. ನಂದೂ ಕೆಂಪೇ. ಆಕೆ ನನ್ನ ಫೋನ್ ಇಸಿದುಕೊಂಡು ಪಿಡಿಎಫ್ ದೊಡ್ಡದು ಮಾಡಿ ನೋಡಿದಳು.

"ಸರ್, ಇದರಲ್ಲಿ ಎಚ್ 12 ಅಂತಿದೆ."

"ಹೌದು, ನಮ್ದು ಎಚ್ 12ರಿಂದ 16."

"ಒಳಗೆ ಸೀಟ್ ನಂಬರೇ ಇಲ್ಲ ಸರ್. ಬೆಂಚು ಅಷ್ಟೇ."

ಅವಳ ಹೆಗಲ ಮೇಲಿಂದ ಇಣುಕಿದೆ. ಕಪ್ಪು ಬಣ್ಣ ಬಳಿದ ಒಂದು ಚೌಕ ಕೋಣೆ, ಮೂರು ಕಡೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚು. ಬ್ಲ್ಯಾಕ್ ಬಾಕ್ಸ್ ಅಂತಾರಲ್ಲ, ಅದು. ಮೊದಲು ಬಂದವರು ಬೇಕಾದಲ್ಲಿ ಕೂರುವುದು. ಎಚ್ ಸಾಲು ಬಿಡಿ, ಎಲ್ಲ ಸೇರಿಸಿದರೆ ಐದು ಸಾಲಿರಲಿಲ್ಲ. ಆಮೇಲೆ ಐದೂ ಪಿಡಿಎಫ್ ಪಕ್ಕಪಕ್ಕ ಇಟ್ಟು ನೋಡಿದೆವು. ಸೀಟ್ ನಂಬರ್ ಬೇರೆ ಬೇರೆ, ಕ್ಯೂಆರ್ ಕೋಡ್ ಮಾತ್ರ ಐದರಲ್ಲೂ ಒಂದೇ. ಚುಕ್ಕಿ ಚುಕ್ಕಿ ಹೋಲಿಸಿ ನೋಡಿದ್ದು ಮೇಷ್ಟ್ರು. ಬೇರೆ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ.

ಆ ಹುಡುಗಿ ಒಳ್ಳೆಯವಳು. ಬಾಗಿಲ ಪಕ್ಕದ ಕ್ಯೂ ತೋರಿಸಿದಳು. ಬುಕ್ ಮಾಡಿಯೂ ಬಾರದವರ ಜಾಗವನ್ನು ನಾಟಕ ಶುರುವಾಗುವ ಹೊತ್ತಿಗೆ ಅಲ್ಲಿ ನಿಂತವರಿಗೆ ಕೊಡುತ್ತಾರೆ. ನಿಂತೆವು. ಎರಡು ಜಾಗ ಸಿಕ್ಕಿತು, ನಾವು ಐವರು. ಹತ್ತು ಸೆಕೆಂಡ್ ಯಾರೂ ಮಾತಾಡಲಿಲ್ಲ. ಕೊನೆಗೆ "ನೀವಿಬ್ಬರು ಹೋಗ್ರೋ" ಅಂತ ಇಬ್ಬರನ್ನು ಒಳಗೆ ತಳ್ಳಿ, ಮೂವರು ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಗೋಡೆಯಾಚೆ ಜನ ನಗುವುದು ಕೇಳಿಸುತ್ತಿತ್ತು. ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ಒಂದೂವರೆ ಗಂಟೆ ಕೂರುವುದು ಒಂಥರಾ ಶಿಕ್ಷೆ.

ಜಗಳ ಆಗಿದ್ದು ರಾತ್ರಿ ರೂಮಿನಲ್ಲಿ. ಅದನ್ನು ಜಾಸ್ತಿ ಬರೆಯುವುದಿಲ್ಲ. "ನಾನು ಆಗಲೇ ಹೇಳಿದ್ದೆ" ಅಂತ ಒಬ್ಬ ಅಂದ. ಅವನು ಏನೂ ಹೇಳಿರಲಿಲ್ಲ.

ಭಾನುವಾರ ಉತ್ಸವದ ಕೌಂಟರ್‌ನಲ್ಲೇ ಟಿಕೆಟ್ ತಗೊಂಡೆವು, ಅಸಲಿ. ಆದರೂ ಒಂದು ನಾಟಕ ಕೈತಪ್ಪಿತು, ಅದಕ್ಕೆ ಮಾತ್ರ ಕಾರಣ ಮೇಷ್ಟ್ರ ಎಕ್ಸೆಲ್. ಎರಡು ನಾಟಕಗಳ ನಡುವೆ ಅವನು ಇಟ್ಟಿದ್ದು ಇಪ್ಪತ್ತು ನಿಮಿಷ. ಮೊದಲನೆಯದು ಒಂದು ಗಂಟೆಯದು ಅಂತ ಅವನೇ ಊಹಿಸಿದ್ದ, ಅದು ನಡೆದದ್ದು ಒಂದೂಕಾಲು ಗಂಟೆ. ಕಿರುಹೊತ್ತಗೆಯಲ್ಲಿ ಅವಧಿ ಅಚ್ಚಾಗಿರುತ್ತದೆ, ಓದಬೇಕಷ್ಟೆ. ಇಂಗ್ಲಿಷ್ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಫ್ರಾನ್ಸಿನ ಅವಿನ್ಯೋಂ ಉತ್ಸವದಲ್ಲಿ ಮಹಾಭಾರತ ಆಡಿಸಿದ್ದು ಒಂಬತ್ತು ಗಂಟೆ. ನಾಟಕದ ಅವಧಿಯನ್ನು ಊಹೆ ಮಾಡಬಾರದು ಮಾರಾಯ ಅಂತ ಅವನಿಗೆ ಈಗ ದಿನಾ ಹೇಳುತ್ತೇನೆ.

ನಾಲ್ಕು ನಿಮಿಷ ತಡವಾಗಿ ಓಡಿ ಬಂದರೆ ಬಾಗಿಲು ಹಾಕಿತ್ತು. ಕೋಪ ಬಂತು, ಆದರೆ ತಪ್ಪು ಅವರದಲ್ಲ. ಇಂಥ ಕೋಣೆಗಳಲ್ಲಿ ಎಷ್ಟೋ ಸಲ ನಾವು ಸೀಟಿಗೆ ಹೋಗುವ ದಾರಿಯೇ ಆಡುವ ಜಾಗದ ಮೇಲೆ ಹಾದುಹೋಗುತ್ತದೆ. ಕತ್ತಲಲ್ಲಿ ಬಾಗಿಲು ಒಂದು ಗೇಣು ತೆರೆದರೂ ಬೆಳಕಿನ ಪಟ್ಟಿಯೊಂದು ನಟನ ಮುಖಕ್ಕೆ ಬಡಿಯುತ್ತದೆ. ಸಿನಿಮಾ ಥಿಯೇಟರ್‌ನ ಅಭ್ಯಾಸ ಇಲ್ಲಿ ನಡೆಯಲ್ಲ.

ಹಣದ ವಿಷಯ. ಮೋಸ ಗೊತ್ತಾದ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ, ಊರಿಗೆ ಹೋಗಿ ಮಾಡೋಣ ಅನ್ನಬೇಡಿ. ನಾನು ಸೋಮವಾರ ಮಾಡಿದೆ. ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ತಕರಾರು ಹಾಕಿ ವಾಪಸ್ ಪಡೆಯುವ ದಾರಿಯಾದರೂ ಇರುತ್ತಿತ್ತು. ನಾನೇ ಒತ್ತಿ ಕಳಿಸಿದ ಹಣಕ್ಕೆ ಆ ದಾರಿ ಕಿರಿದು. ಶುಲ್ಕ ಉಳಿಸಿದ ಜಾಣತನದ ಬೆಲೆ ಇದು. ಪಿಡಿಎಫ್, ಹಣ ಹೋದ ರಸೀದಿ, ಆ ಪುಟದ ವಿಳಾಸ ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತವೆ. ಸಿಟ್ಟಿನಲ್ಲಿ ನಮ್ಮಲ್ಲೊಬ್ಬ ಅಲ್ಲೇ ಡಿಲೀಟ್ ಮಾಡಿದ್ದ. ಟಿಕೆಟ್ ಲಿಂಕ್ ಬೇಕಿದ್ದರೆ ನಾಟಕ ಆಡುವ ತಂಡದ ಪುಟಕ್ಕೆ ಹೋಗಿ ಅಲ್ಲಿಂದ ಒತ್ತಿ, ತಂಡದವರು ಸಾಮಾನ್ಯವಾಗಿ ಸರಿಯಾದ ಲಿಂಕನ್ನೇ ಹಾಕಿರುತ್ತಾರೆ.

ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಆಗಿಲ್ಲ. ಮೊನ್ನೆ ಕುತೂಹಲಕ್ಕೆ ಸುಮ್ನೆ ಬೇರೊಂದು ಉತ್ಸವದ ಹೆಸರು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಅದೇ ಥರದ ಪುಟ, ಅದೇ ಇಳಿಯುವ ಗಡಿಯಾರ. ಕೊನೆಯ 6 ಸೀಟು ಇನ್ನೂ ಹಾಗೇ ಉಳಿದಿದ್ದವು.