ಕಲಬುರಗಿಯ ಕಾಲೇಜು ಸಂವಾದ ಕೂಟ: ಬಹುಮಾನವಿಲ್ಲದ ಚರ್ಚೆ ಹೇಗಿದೆ?

ಕಲಬುರಗಿಯ ಪದವಿ ಕಾಲೇಜುಗಳಿಗೆ ಹೋಗಿ ರಾಜಕೀಯ ಸಂವಾದ ನಡೆಸಿಕೊಡುವ ಸ್ವಯಂಸೇವಾ ತಂಡವೊಂದರ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಚರ್ಚಾಸ್ಪರ್ಧೆಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ಪರ–ವಿರೋಧವನ್ನು ಚೀಟಿ ಎತ್ತಿ ಹಂಚುತ್ತಾರೆ, ಬಾಯಿಪಾಠ ಮಾಡಿದ ಭಾಷಣಕ್ಕೆ ಅಂಕ ಬೀಳುತ್ತದೆ. ಈ ಕೂಟದಲ್ಲಿ ತೀರ್ಪುಗಾರರೂ ಇಲ್ಲ, ಪಾರಿತೋಷಕವೂ ಇಲ್ಲ. ವಿದ್ಯಾರ್ಥಿ ತಾನು ನಿಜವಾಗಿ ನಂಬಿದ್ದನ್ನೇ ಹೇಳಬೇಕು.

ಮಾದರಿ ಅಮೆರಿಕದ್ದು. ಅಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯ ಬಳಿಕ, ಎರಡೂ ಪಕ್ಷಗಳ ಬೆಂಬಲಿಗರನ್ನು ಒಂದೆಡೆ ಕೂರಿಸಿ ಮಾತನಾಡಿಸಲು ಹುಟ್ಟಿಕೊಂಡ ಬ್ರೇವರ್ ಏಂಜಲ್ಸ್ ಸಂಸ್ಥೆಯ ಚರ್ಚೆಗಳಲ್ಲಿ ಭಾಷಣಕಾರರೂ ಪ್ರಶ್ನೆ ಕೇಳುವವರೂ ಸಭೆಯ ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡುತ್ತಾರೆ. ಈ ನಿಯಮ ನಮ್ಮ ವಿಧಾನಸಭೆಯಲ್ಲೂ ಇದೆ, ಪಾಲನೆಯಾಗುವುದು ಅಪರೂಪ ಅಷ್ಟೆ. ಇಲ್ಲಿನ ತಂಡ ಇದಕ್ಕೆ ಇನ್ನೊಂದನ್ನು ಸೇರಿಸಿದೆ: ಎದುರಿನವರ ಮಾತನ್ನು ಖಂಡಿಸುವ ಮೊದಲು ಅದನ್ನು ಅವರೇ ಒಪ್ಪುವ ಹಾಗೆ ತಿರುಗಿ ಹೇಳಬೇಕು.

ಬೆಳಗಿನ ವಿಷಯ, ಕಲ್ಯಾಣ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆ ಎಂಬುದು. ಬೇಡವೆಂದ ವಿದ್ಯಾರ್ಥಿಯೊಬ್ಬ, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯನ್ನು ಮುಂದಿಟ್ಟು, ಸ್ಥಳೀಯ ಕಾಲೇಜುಗಳಲ್ಲಿ ಶೇ 70ರಷ್ಟು ಮತ್ತು ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ನಮಗೆ ಸಿಗುತ್ತಿರುವಾಗ ಬೇರೆ ರಾಜ್ಯ ಏತಕ್ಕೆಂದು ಕೇಳಿದ. ಸೇಡಂ ಕಡೆಯ ವಿದ್ಯಾರ್ಥಿನಿ ನೇರವಾಗಿ ಅವನತ್ತ ತಿರುಗಿ ದನಿ ಏರಿಸಿದಾಗ ಅಧ್ಯಕ್ಷ ಸ್ಥಾನದಲ್ಲಿದ್ದ ಯುವಕ, “ಅವರಿಗಲ್ಲ, ನನಗ ಹೇಳ್ರಿ ಅಕ್ಕಾ” ಎಂದು ನಕ್ಕ. ಆಕೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಅವನ ವಾದವನ್ನೇ ತಿರುಗಿ ಹೇಳಿದಳು. ಅವನು “ಹೌದ್ರಿ, ಅದೇ” ಎಂದ ಮೇಲೆ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಎತ್ತಿಕೊಂಡಳು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇದ್ದವೆಂದೂ, ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ ಸೀಟಿನ ಮೀಸಲಾತಿ ಯಾರ ಪಾಲಾಗುತ್ತದೆಂದೂ ಕೇಳಿದಳು. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಆದರೆ ಮುಂದಿನ ಒಂದು ಗಂಟೆ ಇಡೀ ಸಭಾಂಗಣ ಮೇಷ್ಟ್ರ ಕೊರತೆಯ ಬಗ್ಗೆ ಮಾತನಾಡಿತು, ಯಾವ ಪಕ್ಷದವರೂ ಅದನ್ನು ತಮ್ಮ ಮೇಲಿನ ಆರೋಪವೆಂದು ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನದ ‘ಒಂದು ದೇಶ, ಒಂದು ಚುನಾವಣೆ’ ಗೋಷ್ಠಿ ಸಪ್ಪೆಯಾಗಿತ್ತು. ಕಣ್ಣಾರೆ ಕಂಡದ್ದು ಏನೂ ಇಲ್ಲದ ಕಾರಣ ಎರಡೂ ಕಡೆಯವರು ಟಿವಿ ಚರ್ಚೆಯ ಮಾತುಗಳನ್ನೇ ಒಪ್ಪಿಸಿದರು. ತಿರುಗಿ ಹೇಳುವ ನಿಯಮವೂ ಅಲ್ಲಿ ಬರೀ ಶಾಸ್ತ್ರವಾಯಿತು. ತಂಡದವರು ವಿಷಯದ ಆಯ್ಕೆಯನ್ನು ಕಾಲೇಜಿಗೇ ಬಿಡುವುದು ಇದಕ್ಕೆ ಕಾರಣವೆಂದು ನನಗನ್ನಿಸಿತು.

ಭಾಷೆಯ ವಿಚಾರವನ್ನೂ ಹೇಳಬೇಕು. ಗ್ರಾಂಥಿಕ ಕನ್ನಡದಲ್ಲೇ ಮಾತನಾಡಬೇಕೆಂಬ ಅಲಿಖಿತ ಒತ್ತಡದಿಂದ ಉರ್ದು ಮಾಧ್ಯಮದಿಂದ ಬಂದವರು ಬಹಳ ಹೊತ್ತು ಬಾಯಿ ಬಿಡಲಿಲ್ಲ. ಈ ಭಾಗದ ಆಡುಮಾತಿನ ಉರ್ದುವಾದ ದಖನಿಯಲ್ಲೂ ಹೇಳಬಹುದೆಂದು ಅಧ್ಯಕ್ಷರು ತಡವಾಗಿ ಸೂಚಿಸಿದಾಗ ನಾಲ್ಕೈದು ಕೈಗಳು ಒಟ್ಟಿಗೇ ಮೇಲೆದ್ದವು. ಈ ಸೂಚನೆ ಆರಂಭದಲ್ಲೇ ಬರಬೇಕು. ಇನ್ನು ಉದ್ಘಾಟನೆ: ಸ್ವಾಗತ, ಶಾಲು, ಸನ್ಮಾನ, ಬಸವಕಲ್ಯಾಣದ ಅನುಭವ ಮಂಟಪದ ಸ್ಮರಣೆ. ಮಂಟಪದ ಮೇಲೆ ನನಗೂ ಭಕ್ತಿಯಿದೆ, ಆದರೆ ಅದನ್ನು ನೆನೆಯುವ ಭಾಷಣಗಳೇ ವಿದ್ಯಾರ್ಥಿಗಳ ಮಾತಿನ ಸಮಯವನ್ನು ತಿಂದುಹಾಕಿದವು.

ತಂಡ ಶುಲ್ಕ ಕೇಳುವುದಿಲ್ಲ. ಸಭಾಂಗಣ, ಮೈಕು, ಊಟದ ವ್ಯವಸ್ಥೆ ಕಾಲೇಜಿನದು. ಕರೆಸುವ ಪ್ರಾಂಶುಪಾಲರು ಎರಡೂ ಗೋಷ್ಠಿಗೆ ಊರಿನ ವಿಷಯವನ್ನೇ ಆರಿಸಲಿ, ವೇದಿಕೆಗೆ ಗಣ್ಯರನ್ನು ಕರೆಯದಿರಲಿ. ಆಳಂದ, ಜೇವರ್ಗಿ ಕಡೆಯವರು ಬಸ್ಸಿಗಾಗಿ ಅರ್ಧಕ್ಕೇ ಎದ್ದುಹೋಗುವುದರಿಂದ ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ಮೂರರೊಳಗೆ ಮುಗಿಸುವುದು ಒಳ್ಳೆಯದು.